ದೀಪದ ಮನೆಯ ನಾಯಿ

ತೊರಾಕಿಚಿಯ ತುಟಿಯ ಅಂಚಿನಲ್ಲಿ ರಕ್ತ ಕಂಡಾಗ ಫುಸಾ ಕೈಯಲ್ಲಿದ್ದ ಸಾರಿನ ಬಟ್ಟಲನ್ನು ಚಾಪೆಯ ಮೇಲೆ ಕುಕ್ಕಿದಳು.

"ಸಾಕು ಮಾಡ್ರೀ. ನಿನ್ನೆ ಆದ ಗಾಯವೇ ಇನ್ನೂ ಮಾಗಿಲ್ಲ."

"ಇದು ನಿನ್ನೆಯದಲ್ಲ, ಇವತ್ತಿನದು," ಎಂದ ಅವನು, ಕಾಗದದಿಂದ ಮುಖ ಎತ್ತದೆ. "'ಇ' ಸಿಕ್ಕಿತು ಕಣೇ. ಎರಡು ಚುಕ್ಕಿ, ಒಂದರ ಕೆಳಗೊಂದು. ಮೂರು ದಿನದಿಂದ ತಪ್ಪಿಸ್ಕೊಂಡು ತಿರುಗ್ತಿತ್ತು ಕಳ್ಳ."

ಪಕ್ಕದ ಕೋಣೆಯ ತೊಮೆ ಬಾಗಿಲಲ್ಲಿ ಇಣುಕಿದಳು. "ಏನು ಫುಸಾ, ನಿನ್ನ ಗಂಡ ಇನ್ನೂ ಆಡಿನ ಹಾಗೆ ಕಾಗದ ಮೇಯ್ತಿದಾನಾ? ಹೋಗ್ಲಿ ಬಿಡು, ಅನ್ನ ಆದ್ರೂ ಉಳೀತು."

"ತೊಮೆ ಅಕ್ಕ, ರುಚಿಯಾಗಿದೆ. ಒಂದು ಹಾಳೆ ಕೊಡ್ಲಾ?" ಎಂದ ತೊರಾಕಿಚಿ. ಇಬ್ಬರೂ ನಕ್ಕರು. ಫುಸಾ ನಗಲಿಲ್ಲ.

ಕಣ್ಣು ಹೋದವರು ಬೆರಳಿನಿಂದ ಮುಟ್ಟಿ ಓದುವ ಲಿಪಿ ಅದು. ಆದರೆ ಈ ದ್ವೀಪದ ಆಸ್ಪತ್ರೆಯಲ್ಲಿ ಕುಷ್ಠರೋಗ ಕಣ್ಣಿಗಿಂತ ಮೊದಲು ಬೆರಳುಗಳನ್ನು ಕೊಂದಿರುತ್ತಿತ್ತು. ಕೆಂಡ ತಾಗಿದರೂ ತಿಳಿಯದ ಬೆರಳಿಗೆ ಕಾಗದದ ಮೇಲಿನ ಸಣ್ಣ ಉಬ್ಬು ಹೇಗೆ ತಿಳಿದೀತು? ಜೀವ ಉಳಿದಿದ್ದದ್ದು ನಾಲಿಗೆಯ ತುದಿಯಲ್ಲಿ ಮಾತ್ರ. ಇನ್ನೊಂದು ಆಸ್ಪತ್ರೆಯಲ್ಲಿ ಯಾರೋ ನಾಲಿಗೆಯಿಂದ ಓದುತ್ತಾರಂತೆ ಎಂಬ ಸುದ್ದಿಯನ್ನು ಕುರುಡರ ಸಂಘದ ಹಯಾಮಿ ತಂದಿದ್ದ. "ಅವರಿಗಿರೋದು ನಾಲಿಗೆ, ನಮಗಿರೋದೇನು ಚಪ್ಪಲಿನಾ?" ಎಂದು ಅವನೇ ಮೊದಲು ಕೂತ. ಅವನ ಹಿಂದೆ ಐದಾರು ಜನ ಕೂತರು. ಎಂಜಲಿಗೆ ಕಾಗದ ನೆನೆದು ಚುಕ್ಕಿ ಮಲಗಿಬಿಡುತ್ತಿತ್ತು. ಕತ್ತು ಮರಗಟ್ಟುತ್ತಿತ್ತು. ಕೆಲವರು ಬಿಟ್ಟರು, ಬಿಟ್ಟವರು ನಾಚಿಕೊಂಡು ಮತ್ತೆ ಬಂದರು.

ಫುಸಾಗೆ ಇದೇನೂ ಹೊಸತಲ್ಲ. ದೋಣಿ ನಿಲ್ಲುವ ಕಟ್ಟೆಗೆ ಕಲ್ಲು ಹೊತ್ತವರು ರೋಗಿಗಳು. ಬೆಟ್ಟ ಕಡಿದು ಗೆಣಸು ಬೆಳೆದವರು, ಕೈಯಿಲ್ಲದವರಿಗೆ ತುತ್ತು ಉಣಿಸಿದವರು, ಸತ್ತವರನ್ನು ಸುಟ್ಟವರೂ ಅವರೇ. ಊರು ಹೊರಹಾಕಿದ ಮಂದಿ ಇನ್ನೊಂದು ಊರನ್ನೇ ಕಟ್ಟಿದ್ದರು. ಇಪ್ಪತ್ತನೆಯ ವಯಸ್ಸಿನಲ್ಲಿ ತಾನೂ ರೋಗಿಯಾಗಿ ಬಂದಾಗ ಅವಳು ಹೆತ್ತವರು ಇಟ್ಟ ಹೆಸರನ್ನು ಕಟ್ಟೆಯ ಮೇಲೆಯೇ ಬಿಟ್ಟಿದ್ದಳು, ಊರಿನಲ್ಲಿದ್ದ ತಂಗಿಯ ಮದುವೆಗೆ ಅಡ್ಡಿಯಾಗದಿರಲೆಂದು. ಫುಸಾ ಎಂಬ ಹೆಸರೂ ಈ ದ್ವೀಪದ್ದೇ.

ಹಾಗಾಗಿ ನಾಲಿಗೆಯ ರಕ್ತಕ್ಕೆ ಅವಳು ಹೆದರಿರಲಿಲ್ಲ. ಅವಳು ಹೆದರಿದ್ದು ಒಂದು ನಾಯಿಗೆ.

ತೊರಾಕಿಚಿಯ ಕಣ್ಣು ಆರಿದ ವರ್ಷದಿಂದ ಪ್ರತಿ ಸಂಜೆ ಊಟವಾದ ಮೇಲೆ ಅವಳು ಅವನಿಗೆ ಓದಿ ಹೇಳುತ್ತಿದ್ದಳು. ಅವನ ಅಚ್ಚುಮೆಚ್ಚಿನ ಪುಸ್ತಕ 'ದೀಪದ ಮನೆ'. ಸಮುದ್ರದ ನಡುವಿನ ಬಂಡೆಯ ಮೇಲೆ ಹಡಗುಗಳಿಗೆ ದಾರಿದೀಪ ಹಚ್ಚುವ ಕಾವಲುಗಾರ, ಅವನ ಹೆಂಡತಿ, ಅವರ ಮಗಳು. ಮೊದಲ ಸಲ ಓದುವಾಗ 'ಮಗಳು' ಎಂಬ ಮಾತು ಕಣ್ಣಿಗೆ ಬಿತ್ತು. ಬಾಯಿಂದ ಬಂದದ್ದು 'ನಾಯಿ'. ಅಲ್ಲಿಂದ ಮುಂದೆ ಮಗಳು ಬಂದಲ್ಲೆಲ್ಲ ನಾಯಿಯೇ ಬರಬೇಕಾಯಿತು. ನಾಯಿ ಬತ್ತಿ ಕತ್ತರಿಸಿತು. ನಾಯಿ ಜ್ವರ ಬಂದು ಮಲಗಿತು. "ಎಂಥ ಜಾಣ ನಾಯಿ ಕಣೇ," ಎಂದು ತೊರಾಕಿಚಿ ಮೆಚ್ಚಿ ತಲೆದೂಗಿದ್ದ.

ಅವರಿಗೂ ಒಂದು ಮಗು ಆಗುವುದಿತ್ತು. ಮದುವೆಗೆ ಒಪ್ಪಿಗೆ ಬೇಕೆಂದರೆ ಗಂಡಿಗೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಆಗಬೇಕೆಂಬುದು ಅಲ್ಲಿನ ಕಟ್ಟಳೆ. ಅದಕ್ಕೆ ಮೊದಲೇ ಫುಸಾ ಬಸಿರಾಗಿದ್ದಳು. ಏಳನೆಯ ತಿಂಗಳಲ್ಲಿ ಹೊಟ್ಟೆ ಮುಚ್ಚಿಡಲಾಗದಾದಾಗ ಆಸ್ಪತ್ರೆಯವರು ಕರೆದುಕೊಂಡು ಹೋಗಿ ಖಾಲಿ ಮಾಡಿಸಿ ಕಳಿಸಿದರು. ಗಂಡೋ ಹೆಣ್ಣೋ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಆ ಮೌನದ ಸುತ್ತ ಸುತ್ತಿ ಬಳಸಿ ನಡೆಯುತ್ತಲೇ ಇಷ್ಟು ವರ್ಷ ಸಂಸಾರ ಸಾಗಿತ್ತು. ಮೆಟ್ಟಿದರೆ ಏನಾದೀತೋ ಅವಳಿಗೆ ತಿಳಿಯದು.

ಚಳಿ ಮುಗಿಯುವ ಹೊತ್ತಿಗೆ ತೊರಾಕಿಚಿಗೆ ಅಕ್ಷರವೆಲ್ಲ ಬಂದವು. ಬಲಗೈ ಗಟ್ಟಿಯಿದ್ದ ರೋಗಿಗಳು ಚುಕ್ಕಿ ಒತ್ತಿ ಪುಸ್ತಕ ಮಾಡಿಕೊಡುತ್ತಿದ್ದರು. ಯಾವುದು ಬೇಕು ಎಂದು ಹಯಾಮಿ ಕೇಳಿಕೊಂಡು ಬಂದ.

"'ದೀಪದ ಮನೆ,'" ಎಂದ ತೊರಾಕಿಚಿ.

"ಅದನ್ನ ಎಷ್ಟು ಸಲ ಕೇಳಿದೀರಿ. ಬೇರೆ ಯಾವುದಾದ್ರೂ ತಗೊಳ್ರೀ," ಎಂದಳು ಫುಸಾ.

"ಆ ನಾಯಿ ನನಗಿಷ್ಟ."

ಹಯಾಮಿ ಹುಬ್ಬು ಏರಿಸಿದ. "ಯಾವ ನಾಯಿ ಮಾರಾಯ? ಆ ಕಥೆ ನಾನೂ..."

"ಹಯಾಮಿ ಅಣ್ಣ, ಚಹಾ ಆರಿಹೋಗುತ್ತೆ!" ಎಂದು ಫುಸಾ ಲೋಟವನ್ನು ಅವನ ಕೈಗೆ ತುರುಕಿದಳು. ಬಿಸಿಬಿಸಿ ಚಹಾ ಅವನ ಮೊಣಕಾಲ ಮೇಲೆ ಚೆಲ್ಲಿತು. ಅವನು ಹೌಹಾರಿ ಎದ್ದ. ನಾಯಿಯ ಮಾತು ಅಲ್ಲಿಗೆ ನಿಂತಿತು.

ಪುಸ್ತಕ ಬಂದದ್ದು ಪ್ಲಮ್ ಮರಗಳು ಹೂ ಬಿಟ್ಟಾಗ. ಅದಕ್ಕೆ ಮೊದಲೇ ಎಲ್ಲವನ್ನೂ ಹೇಳಿಬಿಡಬೇಕೆಂದು ಅವಳು ದಿನವೂ ಅಂದುಕೊಂಡಳು. ಬ್ಯಾಂಡೇಜು ತೊಳೆದು ಹಗ್ಗದ ಮೇಲೆ ಹರವುವಾಗ ಮಾತುಗಳನ್ನು ಜೋಡಿಸುವಳು. ಕೋಣೆಗೆ ಬಂದರೆ ಅವನು ಕತ್ತು ಬಗ್ಗಿಸಿ ಕೂತಿರುತ್ತಿದ್ದ, ದೇವರೆದುರು ಕೂತವನಂತೆ. ಬಾಯಿ ಬರುತ್ತಿರಲಿಲ್ಲ.

ಆ ಮಧ್ಯಾಹ್ನ ಬಿಸಿಲು ಚಾಪೆಯ ಅರ್ಧದವರೆಗೆ ಬಂದಿತ್ತು. "ಇವತ್ತು ನೀನು ಕೂತ್ಕೋ. ನಾನು ಓದ್ತೀನಿ," ಎಂದ ತೊರಾಕಿಚಿ.

ಅವನು ಬಗ್ಗಿ ಒಂದು ಮಾತು ನೆಕ್ಕುವುದು, ತಲೆ ಎತ್ತಿ ಅದನ್ನು ಹೇಳುವುದು, ಮತ್ತೆ ಬಗ್ಗುವುದು. "ಬಂಡೆ... ಬಂಡೆಯ ಮೇಲೆ... ದೀಪ." ಹಣೆಯಲ್ಲಿ ಬೆವರು ಮೂಡಿತ್ತು. ಫುಸಾ ಹೊಲಿಗೆಯನ್ನು ತೊಡೆಯ ಮೇಲೆ ಬಿಟ್ಟಳು. ಗಂಡನ ಓದಿಗೆ ಅವಳು ಹೀಗೆ ಕಿವಿಗೊಟ್ಟು ಕೂತದ್ದೇ ಇಲ್ಲ. ಅವನ ದನಿಯಲ್ಲಿ ಹೊಸ ಅಂಗಿ ತೊಟ್ಟವನ ಹಿಗ್ಗಿತ್ತು. ಅವಳಿಗೆ ಹೆಮ್ಮೆಯಿಂದ ಎದೆ ತುಂಬಿತು, ಭಯದಿಂದ ಅದೇ ಎದೆ ಹೊಡೆದುಕೊಂಡಿತು.

ಎರಡನೆಯ ಹಾಳೆಯ ನಡುವೆ ಅವನು ಬಗ್ಗಿದವನು ಏಳಲಿಲ್ಲ. ನಾಲಿಗೆ ಅದೇ ಜಾಗದ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು. ಫುಸಾ ಸೂಜಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅವನು ತಲೆ ಎತ್ತಿದ. "ಕಾವಲುಗಾರನ... ನಾಯಿ," ಎಂದ.

ಮತ್ತೆ ಬಗ್ಗಿದ. "ನಾಯಿ... ಬೂಟು ಹಾಕಿಕೊಂಡು... ಮೆಟ್ಟಿಲು ಇಳಿಯಿತು."

ಹಾಳೆಯ ಮೇಲೆ ತಿಳಿಗೆಂಪಿನ ಒದ್ದೆ ಗುರುತಿತ್ತು. ಒಂದೊಂದು ಅಕ್ಷರವನ್ನೂ ನಾಲಿಗೆ ತೇಯ್ದು ಗಳಿಸಿದ ಮನುಷ್ಯ, ಆ ಒಂದು ಮಾತನ್ನು ಗಳಿಸಿದ ಕ್ಷಣದಲ್ಲೇ ಅವಳಿಗಾಗಿ ಬದಿಗಿಟ್ಟಿದ್ದ.

"ರೀ."

"ಹೂಂ."

"ನಾಯಿ ಎಲ್ಲಾದ್ರೂ ಬೂಟು ಹಾಕ್ಕೊಳ್ಳುತ್ತಾ?"

"ನಿನ್ನ ನಾಯಿ ಹಾಕ್ಕೊಳ್ತಿತ್ತು. ಮಲಗೋ ಮುಂಚೆ ಅಪ್ಪನ ಹತ್ರ ಹಾಡು ಹೇಳು ಅಂತ ಹಟಾನೂ ಮಾಡ್ತಿತ್ತು."

"ಆಗಲೇ ಗೊತ್ತಿತ್ತಾ ನಿಮಗೆ?"

"ಹೋಗಿದ್ದು ಕಣ್ಣು ಕಣೇ, ಬುದ್ಧಿ ಅಲ್ಲ."

"ಮತ್ತೆ ಯಾಕೆ ಸುಮ್ನಿದ್ರಿ?"

ಅವನು ತೋಳಿನಿಂದ ಬಾಯಿ ಒರೆಸಿಕೊಂಡ. "ಕೇಳಿದ್ರೆ ನೀನು ಓದೋದೇ ನಿಲ್ಲಿಸ್ತೀಯೇನೋ ಅಂತ. ಆಮೇಲೆ... ಆ ನಾಯೀನೂ ಚೆನ್ನಾಗೇ ಇತ್ತು. ನಮ್ಮನೇದೇ ಅನ್ನಿಸ್ತಿತ್ತು."

ಹೊರಗೆ ತೊಮೆ ಯಾರನ್ನೋ ಬೈಯುತ್ತಿದ್ದಳು, ಕೊಡಪಾನ ಉರುಳಿದ ಸದ್ದು. ಫುಸಾ ಸೂಜಿಯನ್ನು ಬಟ್ಟೆಗೆ ಚುಚ್ಚಿ, ಎದ್ದು ಬಂದು ಅವನ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗಿಸಿ ಕೂತಳು.

"ಅಲ್ಲಿ ಏನಿದೆಯೋ ಅದನ್ನೇ ಓದಿ."

"ಓದ್ಲಾ?"

"ಅಷ್ಟು ಕಷ್ಟಪಟ್ಟು ಕಲ್ತಿದೀರಿ. ನನ್ನ ಸುಳ್ಳು ಓದೋಕಾ?"

ಅವನು ಬಗ್ಗಿದ. ಈ ಸಲ ನಾಲಿಗೆ ತಡವರಿಸಲಿಲ್ಲ. "ಕಾವಲುಗಾರನ ಮಗಳು," ಎಂದ.

"ನಮ್ಮದೂ ಹೆಣ್ಣೇ," ಎಂದಳು ಫುಸಾ. "ತಲೆ ತುಂಬ ಕೂದಲಿತ್ತು."

ತೊರಾಕಿಚಿಯ ಕೈ ಗಾಳಿಯಲ್ಲಿ ಹುಡುಕಿ, ಅವಳ ತಲೆಯನ್ನು ಮುಟ್ಟಿ, ಅಲ್ಲೇ ನಿಂತಿತು. ಬೆರಳಿಗೆ ಏನೂ ತಿಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ನಿನ್ನ ಹಾಗೆ," ಎಂದ ಅವನು.

"ಹೂಂ, ನನ್ನ ಹಾಗೆ."

ಬಿಸಿಲು ಹಾಳೆಯ ಮೇಲಿಂದ ಸರಿದಿತ್ತು. ಅವನಿಗೆ ಅದು ಬೇಕಿರಲಿಲ್ಲ. ಅವನು ಬಗ್ಗಿದ, ತಲೆ ಎತ್ತಿದ.

"ಮಗಳು ಬೂಟು ಹಾಕಿಕೊಂಡು ಮೆಟ್ಟಿಲು ಇಳಿದಳು," ಎಂದು ಓದಿದ. "ಮುಂದೆ ದೊಡ್ಡ ಮಾತಿದೆ ಕಣೇ, ಸ್ವಲ್ಪ ತಡಿ."

"ನನಗೇನೂ ಅವಸರ ಇಲ್ಲ," ಎಂದಳು ಫುಸಾ.