ಯಾವ ತಾಟಿನವನು

ಬಾಗಿಲು ತಟ್ಟಲೆಂದು ಎತ್ತಿದ ಕೈಯನ್ನು ಮಹಾಂತೇಶ್ ಹಾಗೇ ಇಳಿಸಿದ. ಬಾಗಿಲೇ ಇರಲಿಲ್ಲ. ಚೌಕಟ್ಟನ್ನೂ ಯಾರೋ ಕಿತ್ತುಕೊಂಡು ಹೋಗಿದ್ದರು. ಗದ್ದೆಗಳ ನಡುವಿನ ಹಾಳು ಬಂಗಲೆಯ ಎದುರು, ಇನ್‌ಶರ್ಟ್ ಮಾಡಿಕೊಂಡ ಕಾಲೇಜು ಮೇಷ್ಟ್ರೊಬ್ಬ ಅಪ್ಪಣೆಗೆ ಕಾದವನಂತೆ ನಿಂತಿದ್ದ.

ಫೋನು ಬಂತು. ವಾಣಿ.

"ಎಲ್ಲಿದ್ದೀರಿ?"

"ಇಲ್ಲೇ, ಹರಿಹರದ ಹತ್ರ. ಸ್ವಲ್ಪ ಕೆಲಸ."

"ನಾಳೆ ಮಗೂನ ತೊಟ್ಟಿಲಿಗೆ ಹಾಕ್ಬೇಕು. ಹೆಸರೇನು ಅಂತ ಅವ್ವ ಕೇಳ್ತಾ ಕೂತಾಳೆ."

"ಎರ್ರಿಸ್ವಾಮಿ ಅಂದಿದ್ನಲ್ಲ."

"ಯಾರ ಹೆಸರ್ರೀ ಅದು? ನಿಮ್ಮನಿಯಾಗೂ ಇಲ್ಲ, ನಮ್ಮನಿಯಾಗೂ ಇಲ್ಲ."

"ಸಂಜೆ ಹೇಳ್ತೀನಿ."

ಈ ಬಂಗಲೆ ಒಂದು ಕಾಲಕ್ಕೆ ಅನಾಥಾಶ್ರಮವಾಗಿತ್ತು. ದಾವಣಗೆರೆಯ ಕಿರಾಣಿ ವ್ಯಾಪಾರಿ ವಾಮದೇವಪ್ಪ ಇಲ್ಲಿಂದಲೇ ಅವನನ್ನು ದತ್ತು ತೆಗೆದುಕೊಂಡು ಹೋಗಿ ಮಹಾಂತೇಶ್ ಎಂದು ಕರೆದಿದ್ದ. ಅಷ್ಟು ವಾಣಿಗೆ ಗೊತ್ತು. ಅದಕ್ಕೂ ಹಿಂದೆ ತನ್ನ ಹೆಸರು ಎರ್ರಿಸ್ವಾಮಿ ಎಂದಿತ್ತು ಅನ್ನುವುದನ್ನು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ. ಹೆತ್ತವಳು ಬಿಟ್ಟುಹೋದದ್ದು ಅದೊಂದೇ. ಮಗನಿಗೆ ಕೊಡಲು ರಕ್ತದ ಕಡೆಯಿಂದ ಅವನ ಹತ್ತಿರ ಬೇರೇನೂ ಇರಲಿಲ್ಲ. ಕೊಡುವ ಮುಂಚೆ, ಅದು ಅವಳಿಟ್ಟ ಹೆಸರೇ ಎಂಬುದಕ್ಕೆ ಯಾರಾದರೂ ಒಮ್ಮೆ 'ಹೌದು' ಅನ್ನಲಿ ಎಂದು ಬಂದಿದ್ದ.

ಒಳಗೆ ಹುಲ್ಲಿನ ಹೊರೆಗಳು, ಆಡಿನ ಹಿಕ್ಕೆ, ಬಾವಲಿಗಳ ನಾತ. ನೆನಪಿನಲ್ಲಿ ಹೊಲದಷ್ಟು ಉದ್ದವಿದ್ದ ಪಡಸಾಲೆ ನಾಲ್ಕು ಹೆಜ್ಜೆಗೆ ಮುಗಿದುಹೋಯಿತು. ಗೋಡೆಯುದ್ದಕ್ಕೂ, ಅವನ ಮೊಣಕಾಲಿಗಿಂತ ತುಸು ಮೇಲೆ, ಎಣ್ಣೆಗಲೆಗಳ ಸಾಲು. ಊಟಕ್ಕೆ ಕೂತ ಮಕ್ಕಳು ತಲೆ ಆನಿಸಿದ ಗುರುತು. ಬಗ್ಗಿ ತನ್ನದನ್ನು ಹುಡುಕಿದ. ಎಲ್ಲವೂ ಒಂದೇ ಥರ ಇದ್ದವು.

"ಯಾರ್ರೀ ಅದು? ಲೇಔಟಿನೋರಾ?"

ಹಿತ್ತಲ ಕಡೆಯಿಂದ ಮುದುಕಿಯೊಬ್ಬಳು ಬಕೆಟ್ಟು ಹಿಡಿದು ಬಂದಳು.

"ಅಲ್ಲ. ಸಣ್ಣವನಿದ್ದಾಗ ಇಲ್ಲಿದ್ದೆ."

"ಹಂಗಾರೆ ನಮ್ಮ ಹುಡುಗನೇ ಬಿಡು! ನಾನು ಅಂಜಿನವ್ವ. ಅಡಿಗಿ ಮಾಡಿ ಹಾಕ್ತಿದ್ನಲ್ಲೋ, ನೆಪ್ಪೈತಾ?"

"ಹ್ಞೂಂ," ಎಂದು ಸುಳ್ಳು ಹೇಳಿದ.

"ಯಾವ ತಾಟಿನೋನು ನೀನು?"

ಪ್ರಶ್ನೆ ಅವನಿಗೆ ಅರ್ಥವಾಗಲಿಲ್ಲ. "ಎರ್ರಿಸ್ವಾಮಿ," ಎಂದ. ದೊಡ್ಡವನಾದ ಮೇಲೆ ಅದನ್ನು ತನ್ನ ಹೆಸರೆಂದು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

ಅಂಜಿನವ್ವನ ಮುಖ ಅರಳಿತು. "ಓ, ಎರ್ರಿಸ್ವಾಮಿ! ಅಂಚು ನೆಗ್ಗಿದ ತಾಟು. ಇನ್ನೂ ಐತೆ ನೋಡು."

"ಆ ಹೆಸರು... ನಮ್ಮವ್ವ ಇಟ್ಟಿದ್ದಾ?"

"ಯಾವ ಅವ್ವನೋ ತಮ್ಮಾ? ಮಾತು ಬರದ ಕೂಸುಗಳು ಬರ್ತಿದ್ವು. ಏನಂತ ಕರೀಬೇಕು? ಸತ್ತೋರ ನೆಪ್ಪಿಗೆ ಜನ ಹೆಸರು ಕೆತ್ತಿಸಿ ತಾಟು ಕೊಡ್ತಿದ್ರು. ಯಾವ ತಾಟಿನಾಗೆ ಉಣ್ಣಾಕೆ ಕೂತ್ವೋ ಅದೇ ಹೆಸರು." ನಕ್ಕಳು. "ಒಂದು ಹೆಣ್ಣುಕೂಸಿಗೆ ಗುಡ್ಡಪ್ಪ ಅಂತಿದ್ವಿ. ಪಾಪ, ಓ ಅಂತಿತ್ತು."

ಅವನೂ ನಗಲು ನೋಡಿದ.

"ಯಾರು ಆ ಎರ್ರಿಸ್ವಾಮಿ? ಸತ್ತೋನು?"

"ಲೋಕಿಕೆರೆ ಕಡೆಯೋನಂತೆ. ಯಾರಿಗೆ ಗೊತ್ತು."

"ನನ್ನ ನೆಪ್ಪಾದ್ರೂ ಐತಾ, ಅವ್ವಾ?"

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಆ ತಾಟಿನಾಗೆ ಸುಮಾರು ಮಂದಿ ಉಂಡು ಹೋದ್ರಲ್ಲ. ಒಬ್ಬ ಹೋದ್ರೆ ಇನ್ನೊಬ್ಬಂಗೆ. ಕುಂಟತಿದ್ದೋನು ನೀನೇನಾ?"

ಅವನು ತನ್ನ ಕಾಲುಗಳನ್ನು ನೋಡಿಕೊಂಡ. ಹೌದು ಎಂದುಬಿಡಬಹುದಿತ್ತು.

"ಅಲ್ಲ."

"ಹಂಗಾರೆ ಗೊತ್ತಾಗವಲ್ದು ಬಿಡು. ಸರಿ ಅತ್ಲಾಗೆ, ಇವಕ್ಕೆ ಉಣ್ಣೋ ಹೊತ್ತಾತು."

ಹಿತ್ತಲ ಬೇವಿನ ಮರಕ್ಕೆ ರೈಲುಕಂಬಿಯ ತುಂಡೊಂದು ನೇತಾಡುತ್ತಿತ್ತು. ಅಂಜಿನವ್ವ ಕಲ್ಲಿನಿಂದ ಬಾರಿಸಿದಳು. ಆ ಸದ್ದಿಗೆ ಅವನ ಹೊಟ್ಟೆ, ಅವನನ್ನು ಕೇಳದೆಯೇ, ಹಸಿಯಿತು. ಗದ್ದೆಯ ಬದುಗಳಿಂದ, ಕಾಲುವೆಯ ಏರಿಯಿಂದ ನಾಯಿಗಳು ಓಡಿಬಂದವು. ನೆಲದ ಮೇಲೆ ಸಾಲಾಗಿಟ್ಟ ತಾಟುಗಳಿಗೆ ಅವಳು ಅನ್ನ ಸುರಿಯುತ್ತ ಹೋದಳು.

"ಗುಡ್ಡಪ್ಪಾ, ಕಚ್ಚಾಡಬ್ಯಾಡ. ನಿಂದು ಅಲ್ಲೈತೆ."

ಜೇಬಿನಲ್ಲಿ ಫೋನು ಮತ್ತೆ ಅದುರಿತು. ತೆಗೆದು ಕಿವಿಗಿಟ್ಟುಕೊಂಡ. ಆಚೆ ಮಗು ಅಳುತ್ತಿತ್ತು.

"ಅವ್ವಗೆ ಏನಂತ ಹೇಳ್ಲಿ?" ವಾಣಿ ಕೇಳಿದಳು. "ಕೇಳಿಸ್ತಾ?"

"ಎರ್ರಿಸ್ವಾಮೀ, ಬಾರೋ!" ಅಂಜಿನವ್ವ ಕೂಗಿದಳು.

ಅವನ ಕಾಲು ಒಂದು ಹೆಜ್ಜೆ ಮುಂದಿಟ್ಟಾಗಿತ್ತು. ಎದುರಿನಿಂದ ಎಲುಬು ಕಾಣುವ ಕೆಂಚು ನಾಯಿಯೊಂದು ಬಂತು. ಅಂಚು ನೆಗ್ಗಿದ ತಾಟಿನ ಬಳಿ ಅವನೂ ನಿಂತ, ಅದೂ ನಿಂತಿತು. ನಾಯಿ ಬಾಲ ಮುದುರಿಕೊಂಡು ಅವನ ಮುಖವನ್ನೇ ನೋಡುತ್ತ, ಅವನು ಸರಿಯಲಿ ಎಂದು ಕಾಯುತ್ತಿತ್ತು.