ಕತ್ತಿ ಹಿಡಿದಾಗ ಬರುವ ಸೀನು

ಕ್ಷೌರಿಕನಿಗೆ ಸೀನು ಬಂದಾಗ ಅವನ ಕತ್ತಿ ಹೆಂಡತಿಯ ಅಪ್ಪನ, ಅಂದರೆ ಮಾವನ, ಕುತ್ತಿಗೆಯ ಮೇಲಿತ್ತು. ಥಟ್ಟನೆ ಕೈ ಹಿಂದಕ್ಕೆಳೆದ. ಆದರೂ ಕಿವಿಯ ಕೆಳಗೆ ಕೆಂಪು ಗೆರೆ ಮೂಡಿಬಿಟ್ಟಿತು.

"ಮಗಳನ್ನ ಕೊಟ್ಟಿದ್ದೀನಪ್ಪ, ತಲೇನೂ ಕೊಡ್ಬೇಕಾ?" ಎಂದ ಮಾವ ಅರ್ಧ ನೊರೆಯಲ್ಲೇ ಎದ್ದು ಹೊರಟರು. ಕಾದು ಕೂತಿದ್ದ ಗಿರಾಕಿಗಳೂ ಅವರ ಹಿಂದೆಯೇ ಜಾಗ ಖಾಲಿ ಮಾಡಿದರು.

ಎದುರಿನ ಬಯಲಲ್ಲಿ ಹುಲ್ಲು ಹೂಬಿಟ್ಟಾಗಲೆಲ್ಲ ಇದೇ ಗೋಳು. ಮೂಗು ಸೋರುತ್ತದೆ, ಕಣ್ಣು ಉರಿಯುತ್ತದೆ. ಔಷಧಿ ಅಂಗಡಿಯ ಮಾತ್ರೆ ನುಂಗಿದರೆ ತೂಕಡಿಕೆ. "ಬರೀ ನೆಗಡಿ" ಎನ್ನುವವರು ಬಂದು ಈ ಕುರ್ಚಿಯಲ್ಲಿ ಕುತ್ತಿಗೆ ಒಡ್ಡಲಿ ನೋಡೋಣ!

ಸಂಜೆ ಅವನ ಅಕ್ಕ ಬಂದಳು. ಅವಳು ಆಸ್ಪತ್ರೆಯಲ್ಲಿ ನರ್ಸು.

"ಬಾಗಿಲು ಯಾಕೋ ಹೀಗೆ ಹಾರುಹೊಡೆದಿದ್ದೀಯ?"

"ಕೂದಲು, ಪೌಡರಿನ ಧೂಳು ಆಚೆ ಹೋಗ್ಲಿ ಅಂತ. ಸೀನು ಬರೋದೇ ಅದಕ್ಕೆ."

"ಧೂಳು ಆಚೆ ಹೋಗತ್ತೋ, ಹುಲ್ಲಿನ ಹೂವಿನ ಪುಡಿ ಒಳಗೆ ಬರತ್ತೋ? ಮೊದ್ಲು ಪರೀಕ್ಷೆ ಮಾಡಿಸು."

ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ಹುಲ್ಲಿನ ಪರಾಗವೇ. ಡಾಕ್ಟರು ಮೂಗಿಗೆ ಸಿಂಪಡಿಸುವ ಔಷಧಿಯ ಮಾತೆತ್ತಿದರು. ಅದರಲ್ಲಿರುವುದು ಅದೇ ಪರಾಗದ ಸಾರ. ಮೊದಲು ಅತಿ ಕಡಿಮೆ, ಆಮೇಲೆ ನಿಧಾನವಾಗಿ ಹೆಚ್ಚು.

ಹೊರಗೆ ಬಂದವನೇ ಸಿಡಿದ. "ಅಕ್ಕಾ, ಕಳ್ಳನನ್ನೇ ಕರೆದು ಮನೇಲಿ ಕೂರಿಸ್ಕೋಬೇಕಾ?"

"ಹೂಂ ಕಣೋ. ಸ್ವಲ್ಪಸ್ವಲ್ಪವೇ ಕಂಡು ಮೂಗಿಗೆ ಪರಿಚಯ ಆದ್ರೆ, ಕಂಡಕೂಡ್ಲೆ ರಂಪ ಮಾಡಲ್ಲ."

"ನಾಳೆಗೆ ವಾಸಿಯಾಗತ್ತಾ?"

"ತಿಂಗಳುಗಟ್ಟಲೆ ಹಿಡಿಯತ್ತೆ, ವರ್ಷಗಳೂ ಆಗಬಹುದು. ಎಲ್ರಿಗೂ ಒಗ್ಗಲ್ಲ. ಉಬ್ಬಸ ಇದ್ರೆ ಮೊದ್ಲೇ ಹೇಳ್ಬೇಕು. ಶುರು ಮಾಡೋದೂ ಡಾಕ್ಟರ ಕಣ್ಣೆದುರೇ."

ಹುಲ್ಲು ಒಣಗಿದ ಮೇಲೆ ಔಷಧಿ ಶುರುವಾಯಿತು. ಅವನಿಗೋ ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ. ಸೀನೇ ಇಲ್ಲದ ಕಾಲದಲ್ಲಿ ಇದೇನು ಹಿಂಸೆ ಎಂದು ಒಂದು ದಿನ ಬಾಟಲಿ ಎಸೆಯಲು ಹೋದ. ಹೆಂಡತಿ ಕಿತ್ತುಕೊಂಡಳು.

"ರೀ, ಅಪ್ಪನ ಇನ್ನೊಂದು ಕಿವಿಯಾದ್ರೂ ನೆಟ್ಟಗಿರ್ಲಿ. ಸುಮ್ನೆ ಹಾಕ್ಕೊಳ್ಳಿ!"

ಹುಲ್ಲು ಮತ್ತೆ ಹೂಬಿಟ್ಟಿತು. ಈ ಸಲ ಪರಾಗ ಒಳಗೆ ಬಾರದಂತೆ ಅಂಗಡಿಯ ಬಾಗಿಲು ಮುಚ್ಚಿತ್ತು. ಮಾವ ಅದನ್ನು ತಳ್ಳಿ, ಹೊಸ್ತಿಲಲ್ಲೇ ನಿಂತು ಅಳಿಯನ ಮೂಗನ್ನು ದಿಟ್ಟಿಸಿದರು. ಅವನು ಸೀನಿದ. ಕತ್ತಿ ಇನ್ನೂ ಮೇಜಿನ ಮೇಲಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಇನ್ನೊಂದು ಸೀನು ಬರಲಿಲ್ಲ. ಮಾವ ಕುರ್ಚಿಯಲ್ಲಿ ಕೂತು, ಗದ್ದ ಎತ್ತಿ, ಕಣ್ಣು ಮುಚ್ಚಿದರು.

ನೀವೂ ಹೂಬಿಡುವ ಕಾಲದಲ್ಲಿ ಹೀಗೆ ಒದ್ದಾಡುತ್ತೀರಾ? ನೆಗಡಿಯೆಂದು ತಳ್ಳಿಹಾಕಬೇಡಿ. ಯಾವುದು ಒಗ್ಗುವುದಿಲ್ಲವೆಂದು ಪರೀಕ್ಷೆ ಮಾಡಿಸಿ. ಈ ಚಿಕಿತ್ಸೆ ನಿಮಗೆ ಹೊಂದುತ್ತದೆಯೇ ಎಂದು ಡಾಕ್ಟರನ್ನೇ ಕೇಳಿ. ಶುರು ಮಾಡಿದ ಮೇಲೆ ನಿಮ್ಮಷ್ಟಕ್ಕೆ ನೀವೇ ಬಿಡಬೇಡಿ. ಸ್ಟೀರಿಂಗಾಗಲಿ, ಏಣಿಯಾಗಲಿ, ಕತ್ತಿಯಾಗಲಿ, ನಿಮ್ಮ ಕೈಯನ್ನೂ ಯಾರೋ ನಂಬಿ ಕಣ್ಣು ಮುಚ್ಚಿರುತ್ತಾರೆ.