ಹಂತಿ ಬಿಚ್ಚಿದ ಸಂಜೆ

ಎಂಬತ್ತಾರನೆಯ ಇಸವಿಯ ಎಳ್ಳಮವಾಸ್ಯೆ ಹತ್ತಿರವಾಗಿತ್ತು. ಮಾಸೂರಿನ ಅಜ್ಜಪ್ಪನ ಹಿತ್ತಲ ಕಣದಲ್ಲಿ ಬೆಳಗಿನಿಂದ ಜೋಳದ ಹಂತಿ ನಡೆದಿತ್ತು; ಎತ್ತುಗಳು ತೆನೆ ತುಳಿಯುತ್ತ ಸುತ್ತುತ್ತಿದ್ದವು. ನೆರೆಯ ಜಮಾಲಸಾಬ ತನ್ನ ಎತ್ತುಗಳೊಡನೆ ಮುಯ್ಯಿ ತೀರಿಸಲು ಬಂದಿದ್ದ. ಹಿಂದಿನ ವಾರ ಅಜ್ಜಪ್ಪನ ಎತ್ತುಗಳು ಅವನ ಕಣ ತುಳಿದುಕೊಟ್ಟಿದ್ದವು.

ಕಣದ ಒಂದು ಮೂಲೆಯಲ್ಲಿ ಸೊಸೆ ಉಡಚವ್ವ ಸಣ್ಣ ದುರ್ಬೀನಿನ ಮೂರು ಕಾಲು ಬಿಡಿಸಿ ನಿಲ್ಲಿಸುತ್ತಿದ್ದಳು. ಊರ ಶಾಲೆಯ ಟೀಚರು ಅವಳು; ದುರ್ಬೀನು ಧಾರವಾಡದ ತವರಿನಿಂದ ಟ್ರಂಕಿನಲ್ಲಿ ಬಂದದ್ದು. ಸಗಣಿ ಸಾರಿಸಿದ ಕಣಕ್ಕಿಂತ ಸಮನಾದ ನೆಲ ಇನ್ನೆಲ್ಲಿ ಸಿಕ್ಕೀತು ಅಂದುಕೊಂಡಿದ್ದಳು. ಬೇಲಿಯ ಬಳಿ ಏಳನೆಯ ಇಯತ್ತೆಯ ಹುಡುಗಿಯರು ತಾಯಂದಿರ ಜೊತೆ ಕುಳಿತಿದ್ದರು. ಇವತ್ತು ಆಕಾಶದಲ್ಲಿ ಏನಾದರೂ ಕಂಡರೆ ವಾರಕ್ಕೊಂದು ಸಂಜೆ ಮಕ್ಕಳನ್ನು ಕಳಿಸುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದು ತಾಯಂದಿರು ಖಡಾಖಂಡಿತ ಹೇಳಿದ್ದರು.

ಪಡುವಣದ ಬಾನಿನಲ್ಲಿ ಗುರುಗ್ರಹ ಕಾಣಿಸಿತು. ಹುಡುಗಿಯೊಬ್ಬಳ ತಾಯಿ ಗುತ್ತೆವ್ವ ಮೊದಲು ಕಣ್ಣಿಟ್ಟಳು.

"ಯವ್ವಾ, ಇದ ಚುಕ್ಕಿ ಅಲ್ಲ, ಹಂಚಿನ ಮ್ಯಾಗ ಅರಳೂ ಜೋಳ! ನಿಂತಲ್ಲಿ ನಿಲ್ಲವಲ್ದು."

ಹೆಂಗಸರು ನಕ್ಕರು. ಉಡಚವ್ವ ತಿರುಪುಗಳನ್ನು ಬಿಗಿದಳು, ಕಾಲು ಊರಿದಳು. ಆಮೇಲೆ ತಿಳಿಯಿತು: ಎತ್ತುಗಳು ಈ ಕಡೆ ತಿರುಗಿದಾಗಲೆಲ್ಲ ನೆಲ ಅದುರುತ್ತಿತ್ತು. ಬೇರೆ ಕಡೆ ಒಯ್ಯೋಣವೆಂದರೆ ಮನೆಯ ಮಾಳಿಗೆ ಅಡ್ಡ. ಗುರು ಆಗಲೇ ಹುಣಸೆಮರದತ್ತ ಇಳಿಯುತ್ತಿದ್ದ.

"ಮಾವಾರ, ಒಂದೀಟು ಹಂತಿ ನಿಲ್ಲಸ್ತೀರೇನ್ರಿ?" ಎಂದು ಕೇಳಿದಳು ಉಡಚವ್ವ. ಹೂಡಿದ ಹಂತಿಯನ್ನು ನಡುವೆ ಬಿಚ್ಚುವುದು ಆ ಮನೆಯಲ್ಲಿ ಇಲ್ಲದ ಮಾತು.

"ಅರ್ಧಕ್ಕ ಬಿಟ್ರ ನನ್ನ ಮುಯ್ಯಿ ತೀರಲಿಲ್ಲಂತನ ಆತು, ಅಜ್ಜಪ್ಪಣ್ಣ," ಎಂದ ಜಮಾಲಸಾಬ. "ಆಮ್ಯಾಲೆ ನಾಕ ಮಂದಿ ಮುಂದ ಅನ್ನಬ್ಯಾಡ ಮತ್ತ."

ಅಜ್ಜಪ್ಪ ಸೊಸೆಯ ಮುಖ ನೋಡಿದ, ಬೇಲಿಯ ಕಡೆ ನೋಡಿದ.

"ಬಿಚ್ಚು. ಮೊದಲ ನಾ ನೋಡ್ತೇನಿ. ಏನೂ ಕಾಣ್ಲಿಲ್ಲಂದ್ರ ದುರ್ಬೀನ ಟ್ರಂಕಿನ್ಯಾಗ, ಎತ್ತು ಕಣದಾಗ."

ಎತ್ತುಗಳು ನಿಂತವು. ಧೂಳು ಇಳಿಯುವವರೆಗೆ ಕಾದು ಉಡಚವ್ವ ಕೊಳವೆಯನ್ನು ಮತ್ತೆ ಗುರುವಿಗೆ ಹಿಡಿದಳು. ಅಜ್ಜಪ್ಪ ರುಮಾಲು ತೆಗೆದು ಬಗ್ಗಿದ. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕೊಳವೆಗೆ ಒತ್ತಿದ.

"ಲಾಭ..." ಅಂದ ಕೊನೆಗೆ. "ಎರಡ... ಮೂರ..."

"ರಾಶಿ ಅಳ್ಯೂಹಂಗ ಒಂದ ಅನ್ನೂ ಬದ್ಲಿ ಲಾಭ ಅನ್ನಾಕತ್ತಾರಲ್ಲ!" ಎಂದಳು ಗುತ್ತೆವ್ವ. "ಏನ ಅಳ್ಯಾಕತ್ತೀರಿ ಯಜ್ಜಾ?"

"ಸುಮ್ಕಿರ, ಲೆಕ್ಕ ತಪ್ಪತೈತಿ. ದೊಡ್ಡ ಚುಕ್ಕಿ ಬಗಲಾಗ ಮರಿ ಅದಾವು... ನಾಕ!"

"ಗುರುವಿನ ಚಂದ್ರರು ಅವು, ಮಾವಾರ," ಎಂದಳು ಉಡಚವ್ವ.

ಹುಡುಗಿಯರು ಎದ್ದು ಬಂದರು. ಗುತ್ತೆವ್ವ ಮಗಳನ್ನೇ ಹಿಂದೆ ಸರಿಸಿ ನೋಡಿದಳು, "ಬರೂ ವಾರಾನೂ ನಂದ ಮೊದಲ ಪಾಳಿ" ಅಂದಳು.

ಎಲ್ಲರ ನಂತರ ಜಮಾಲಸಾಬ ನೋಡಿ ತಲೆಯೆತ್ತಿದ.

"ನನ್ನ ಅರ್ಧ ಮುಯ್ಯಿ ಉಳೀತಲ್ಲಣ್ಣ. ನಾಳೆ ಬರ್ಲೇನು?"

"ಉಳೀಲಿ ಬಿಡೋ," ಎಂದ ಅಜ್ಜಪ್ಪ. "ಬರೂ ವಾರ ನಿನ್ನ ಮಗಳು ಹುಸೇನಬೀನ ಕಳಸು. ಹೇಳಿಬಿಡ್ತೇನಿ, ಆ ಹೊತ್ತಿನ್ಯಾಗ ಈ ಕಣದಾಗ ಎತ್ತು ಹೂಡಂಗಿಲ್ಲ."